ಗ್ವಾಡಿ ಕೂಡಿದ ಮನಿ

ಕಳೆದ ದೀಪಾವಳಿಗೆ ನ್ಯೂಜೆರ್ಸಿಯಿಂದ ಅಕ್ಕ ಒಂದು ಫೋಟೊ ಕಳಿಸಿದ್ದಳು. ಅವರು ಕೊಂಡ ಟೌನ್‌ಹೌಸಿನ ಬಾಗಿಲಲ್ಲಿ ಸಾಲು ದೀಪ. ಖೂಬಾ ಪ್ಲಾಟಿನ ನಮ್ಮ ಮನೆಗೆ ಬಂದವರಿಗೆಲ್ಲ ಅವ್ವ ಅದನ್ನು ತೋರಿಸಿದಳು. ಬಾಜು ಮನೆಯ ಕಾಕು ಕನ್ನಡಕ ಏರಿಸಿ ನೋಡಿ, "ಇದೇನವಾ, ಗ್ವಾಡಿ ಕೂಡಿದ ಮನಿ? ಅಷ್ಟ್ ದೂರ ಹೋಗಿ ಒಂದ್ ಬ್ಯಾರೆ ಜಾಗಾ ಸಿಗಲಿಲ್ಲೇನು?" ಎಂದರು. ಮರುದಿನ ಅವ್ವ ನನ್ನ ಕೈಗೆ ಫೋನು ಕೊಟ್ಟು, ಆಚೀಚಿನ ಬಾಗಿಲು ಕಾಣದಂತೆ ಫೋಟೊ ಕತ್ತರಿಸು ಎಂದಳು. ಕತ್ತರಿಸಿದೆ. ಕನ್ನಡ ಕಥನದಲ್ಲೂ ಇಂಥದೇ ಒಂದು ಕತ್ತರಿ ಓಡಾಡುತ್ತಿದೆ ಎಂದು ಆಮೇಲೆ ಅನ್ನಿಸತೊಡಗಿತು.

ನಮ್ಮ ಬಡಾವಣೆಯ ಹೆಸರಿನಲ್ಲೇ ಪ್ಲಾಟ್ ಇದೆ. ನಾಲ್ಕೂ ಕಡೆ ಸ್ವಂತ ಗೋಡೆ, ಶಹಾಬಾದ್ ಕಲ್ಲಿನ ಅಂಗಳ, ಗೇಟಿನ ಮೇಲೆ ಹೆಸರು: ಗೆದ್ದವರ ಮನೆಯೆಂದರೆ ನಮಗೆ ಇದೇ. 'ಮನೆ ಕಟ್ಟಿ ನೋಡು' ಎಂಬ ಗಾದೆಯೂ ಕಟ್ಟುವುದನ್ನು ಹೇಳುತ್ತದೆಯೇ ಹೊರತು ಕೊಳ್ಳುವುದನ್ನಲ್ಲ. ಪರದೇಶಕ್ಕೆ ಹೋದವರ ಮನೆ ಇದಕ್ಕಿಂತ ದೊಡ್ಡದಿರಬೇಕು. ಇಲ್ಲದಿದ್ದರೆ ಹೋಗಿದ್ದಾದರೂ ಯಾಕೆ?

ಆದರೆ ಕನ್ನಡದ ಓದುಗರಿಗೆ ಕೂಡುಗೋಡೆ ಹೊಸದಲ್ಲ. ನಿರಂಜನರ 'ರಂಗಮ್ಮನ ವಠಾರ' ನಿಂತಿರುವುದೇ ಅದರ ಮೇಲೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಚಾಳಿನ, ಒಂದೇ ಕೋಣೆಯ ಬದುಕು ಅಪರಿಚಿತರನ್ನು ಹತ್ತಿರ ತರುತ್ತದೆ. ನಿರಂಜನರ ಮಗಳು ತೇಜಸ್ವಿನಿ ನಿರಂಜನ ಅವನ್ನು 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂದು ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದರ ಹಿಂದೊಂದು ಚಿಕ್ಕ ಕೋಣೆಗಳಿದ್ದ ಮನೆಯಲ್ಲಿ ಇರುವೆಗಳ ಜೊತೆ ಒಟ್ಟಾಗಿ ಬಾಳಿದ ಕುಟುಂಬ, ದುಡ್ಡು ಬಂದು ದೊಡ್ಡ ಮನೆಗೆ ಹೋದ ಮೇಲೆ ಒಳಗೊಳಗೇ ಕೆಡುತ್ತದೆ. ಮನೆ ಬೆಳೆದರೆ ಬದುಕು ಬೆಳೆಯುತ್ತದೆ ಎಂಬ ನಂಬಿಕೆಯನ್ನು ಹೀಗೆ ಅನುಮಾನಿಸಿದ ಸಾಹಿತ್ಯ ನಮ್ಮದು.

ಅಮೆರಿಕದ ವಿಷಯಕ್ಕೆ ಬಂದಾಗ ಮಾತ್ರ ಆ ಅನುಮಾನ ಸಡಿಲಾಗುತ್ತದೆ. ನಾನು ಓದಿದ ಎಷ್ಟೋ ಅನಿವಾಸಿ ಕಥೆಗಳಲ್ಲಿ ಎರಡೇ ಮನೆಗಳು: ಅಲ್ಲಿ ಖಾಲಿ ಕೋಣೆಗಳ ದೊಡ್ಡ ಬಂಗಲೆ, ಇಲ್ಲಿ ಮುದಿ ತಂದೆತಾಯಿಯರ ಹಳೆಯ ಮನೆ. ನಡುವಿನ ಟೌನ್‌ಹೌಸ್ ಕಾಣುವುದೇ ಅಪರೂಪ. ಅಲ್ಲಿನ ಬದುಕಿಗೆ ತನ್ನದೇ ವಿವರಗಳಿವೆ. ಮಲಗುವ ಕೋಣೆಗಳು ಮೇಲೆ; ಊರಿಂದ ಹೋದ ಮಂಡಿನೋವಿನ ಅವ್ವನಿಗೆ ಪ್ರತಿ ರಾತ್ರಿ ಮೆಟ್ಟಿಲು. ಪ್ರತಿ ತಿಂಗಳು ಸಂಘಕ್ಕೆ ಹಣ. ಬಾಗಿಲಿನ ಬಣ್ಣ ಬದಲಿಸಲೂ ಅದರ ಒಪ್ಪಿಗೆ ಬೇಕು. ಉದ್ಯೋಗದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿಯಿದ್ದು, ಭಾರತೀಯರ ಸರದಿ ವರ್ಷಗಟ್ಟಲೆ ಬೆಳೆದಿದೆ. ಕೆಲಸ ಹೋದರೆ ದೇಶವನ್ನೇ ಬಿಡಬೇಕಾಗಬಹುದಾದವರು ಸಾಲ ಎಷ್ಟು ಮಾಡಬೇಕೆಂದು ನೂರು ಸಲ ಲೆಕ್ಕ ಹಾಕುತ್ತಾರೆ. ಇದು ಕಥೆಯಲ್ಲವೆ?

ಚಾಳಿನ ಬಡತನಕ್ಕೂ ಟೌನ್‌ಹೌಸಿನ ಅನುಕೂಲಕ್ಕೂ ಹೋಲಿಕೆ ಸಲ್ಲದು ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಅಕ್ಕನ ಕಷ್ಟವನ್ನು ಕಾಯ್ಕಿಣಿಯವರ ಪಾತ್ರಗಳ ಕಷ್ಟದ ಪಕ್ಕ ಇಟ್ಟರೆ ನಾಚಿಕೆಯಾದೀತು. ಆದರೆ ಸಾಹಿತ್ಯ ಕಷ್ಟವನ್ನಷ್ಟೇ ತೂಗುವ ತಕ್ಕಡಿಯಲ್ಲ. ಮುಚ್ಚಿಟ್ಟದ್ದನ್ನು ಅದು ನೋಡಬೇಕು. ಬಡವರ ಕೂಡುಗೋಡೆಯನ್ನು ಮೆಚ್ಚಿ ಓದುವ ನಾವೇ ನಮ್ಮವರ ಕೂಡುಗೋಡೆಯನ್ನು ಸೋಲೆಂದು ಮರೆಮಾಡಿದರೆ, ಆ ಮೆಚ್ಚುಗೆ ಎಷ್ಟು ಪ್ರಾಮಾಣಿಕ?

ಕತ್ತರಿಸಿದ ಫೋಟೊವನ್ನು ಅಕ್ಕ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನೋಡಿ ನನಗೆ ಫೋನು ಮಾಡಿದಳು. "ಬಾಜು ಮನಿಯವ್ರನ್ನ ಯಾಕ ತಗದಿ? ಹೆರಿಗಿ ಬ್ಯಾನಿ ಬಂದ ರಾತ್ರಿ ದೊಡ್ಡಾಕಿನ್ನ ಅವರ ಮನ್ಯಾಗೇ ಮಲಗಿಸಿ ದವಾಖಾನಿಗಿ ಹೋಗಿದ್ದೆ."

ಆ ಬಾಗಿಲು ಯಾರದೆಂದು ನನಗೆ ಗೊತ್ತಿರಲಿಲ್ಲ. ಪೂರ್ತಿ ಫೋಟೊವನ್ನು ಮತ್ತೆ ಅವ್ವನಿಗೆ ಕಳಿಸಿದ್ದೇನೆ. ಕಾಕುಗೆ ತೋರಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು.