ಬೀಜ, ಕ್ಷೇತ್ರ ಮತ್ತು ‘ವಂಶವೃಕ್ಷ’

ಸಂತಾನಾಪೇಕ್ಷೆಯುಳ್ಳವರು ಅಶ್ವತ್ಥಕಟ್ಟೆಯ ನಾಗರಕಲ್ಲುಗಳಿಗೆ ಪ್ರದಕ್ಷಿಣೆ ಬರುವ ಪದ್ಧತಿಯು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಇಂದಿಗೂ ನಿಂತಿಲ್ಲ. ಅದೇ ಪೇಟೆಗಳ ಹಾದಿಯಲ್ಲಿ ಈಗ ಕೃತಕ ಗರ್ಭಧಾರಣೆಯ ಚಿಕಿತ್ಸಾಲಯಗಳ ಫಲಕಗಳೂ ಕಾಣುತ್ತವೆ. ಒಬ್ಬಳ ಅಂಡ, ಇನ್ನೊಬ್ಬಳ ಗರ್ಭ, ಮತ್ತೊಬ್ಬಳ ಮಡಿಲು, ಹೀಗೆ ತಾಯ್ತನವು ಮೂವರಲ್ಲಿ ಹಂಚಿಹೋಗುವುದು ಸಾಧ್ಯವಾಗಿದೆ. ಇದು ವೈದ್ಯರಿಗೂ ವಕೀಲರಿಗೂ ಸೇರಿದ ವಿಷಯ, ಸಾಹಿತ್ಯಪತ್ರಿಕೆಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ವಂಶವೆಂದರೇನು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಬಹು ಗಂಭೀರವಾಗಿ ಎತ್ತಿದ ಕಾದಂಬರಿಯೊಂದನ್ನು ಇನ್ನು ಮುಂದೆ ಹಿಂದಿನಂತೆ ಓದುವುದಕ್ಕಾಗುವುದಿಲ್ಲವೆಂಬುದೇ ನಮ್ಮ ಉತ್ತರ.

1965ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಓದದ ಮನೆ ನಮ್ಮ ವಾಚಕರಲ್ಲಿ ವಿರಳ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಧರ್ಮನಿಷ್ಠರು. ಒಬ್ಬನೇ ಮಗ ಕಪಿಲೆಯ ಪಾಲಾದನು. ಸೊಸೆ ಕಾತ್ಯಾಯನಿ ಪುನರ್ವಿವಾಹವಾಗಿ ಹೋದಳು. ವಂಶದ ಕುಡಿಯೆಂದು ಮೊಮ್ಮಗನನ್ನು ಶ್ರೋತ್ರಿಗಳು ತಮ್ಮಲ್ಲೇ ಉಳಿಸಿಕೊಂಡರು. ಕಡೆಗೆ ತಿಳಿದುಬಂದದ್ದೇನು? ತಾವೇ ಆ ವಂಶದವರಲ್ಲ. ಆಸ್ತಿಯು ದಾಯಾದಿಗೆ ಹೋಗದಿರಲೆಂದು ಪರಪುರುಷನಿಂದ ಪಡೆದ ಮಗ ತಾವು ಎಂಬುದು. ಯಾವ ವೃಕ್ಷದ ಹೆಸರಿನಲ್ಲಿ ಅವರು ಸೊಸೆಯಿಂದ ಮಗುವನ್ನು ಅಗಲಿಸಿದ್ದರೋ ಆ ವೃಕ್ಷಕ್ಕೆ ಅವರೇ ಸೇರಿದವರಲ್ಲ. ಈ ಪೆಟ್ಟಿನ ಬಲವನ್ನು ಕುರಿತು ಬಹಳ ಮಂದಿ ಬರೆದಿದ್ದಾರೆ. ಒಂದು ಮಾತನ್ನು ಮಾತ್ರ ಅಷ್ಟಾಗಿ ಎತ್ತಿದಂತೆ ತೋರದು. ಶ್ರೋತ್ರಿಗಳು ಕಳೆದುಕೊಂಡದ್ದು ತಂದೆಯನ್ನು. ತಾಯಿ ಅವರಿಗೆ ತಾಯಿಯಾಗಿಯೇ ಉಳಿದಳು. ಆದರೆ ಆ ಉಳಿಕೆಗೆ ಕಾದಂಬರಿಯ ಲೆಕ್ಕದಲ್ಲಿ ಬೆಲೆಯಿಲ್ಲ. ವೃಕ್ಷವು ಬೀಜದ್ದು. ತಾಯಿ ಕ್ಷೇತ್ರ, ಎಂದರೆ ಹೊಲ. ಹೊಲದಿಂದ ಯಾರ ವಂಶವೂ ಎಣಿಕೆಯಾಗದು.

ಈ ಉಪಮೆ ಕಾದಂಬರಿಕಾರರು ಕಟ್ಟಿದ್ದಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜ ಮೇಲೋ ಕ್ಷೇತ್ರ ಮೇಲೋ ಎಂಬ ಚರ್ಚೆಯೇ ಇದೆ. ಶುಕ್ರ ಶೋಣಿತಗಳೆರಡೂ ಸೇರಿ ಗರ್ಭವೆಂದು ಆಯುರ್ವೇದವು ಹೇಳಿದ್ದರೂ ಮನೆಮಾತಿನಲ್ಲಿ ಗೆದ್ದದ್ದು ಹೊಲದ ಉಪಮೆಯೇ. 1827ರಲ್ಲಿ ಫಾನ್ ಬೇರ್ ಎಂಬ ವಿಜ್ಞಾನಿಯು ಸಸ್ತನಿಗಳ ಅಂಡವನ್ನು ಸೂಕ್ಷ್ಮದರ್ಶಕದಲ್ಲಿ ಕಂಡಮೇಲೆ ಅದು ಶಾಸ್ತ್ರತಃ ಬಿದ್ದುಹೋಯಿತು. ಬಿದ್ದುಹೋದರೂ ಸಂಕಲ್ಪದಲ್ಲಿ ನಾವು ಹೇಳುವುದು ತಂದೆಯ ಗೋತ್ರವನ್ನೇ.

ಈಗ ಶ್ರೋತ್ರಿಗಳ ಸಂಗತಿಯನ್ನು ತಿರುವಿ ನೋಡೋಣ. ಇಂದಿನ ಒಂದು ಮನೆಯ ಮಗನಿಗೆ, ತಾನು ತಂದೆಯ ಮಗನೇ ಹೌದು, ಆದರೆ ತಾಯಿಯ ಅಂಡದಿಂದಲ್ಲ, ಬೇರೊಬ್ಬ ದಾನಿಯ ಅಂಡದಿಂದ ಹುಟ್ಟಿದವನೆಂದು ತಿಳಿಯಿತೆನ್ನಿ. ಹಳೆಯ ಲೆಕ್ಕದಲ್ಲಿ ಅವನಿಗೆ ನಷ್ಟವೇನೂ ಇಲ್ಲ. ಗೋತ್ರ ಅದೇ, ಸೂತ್ರ ಅದೇ. ಶ್ರಾದ್ಧದ ಪಿಂಡ ಎಂದಿನಂತೆ ಸಲ್ಲುತ್ತದೆ. ಆದರೂ ಇಂತಹ ಸಂಗತಿಯನ್ನು ಮನೆಗಳು ಎಷ್ಟು ಭದ್ರವಾಗಿ ಮುಚ್ಚಿಡುತ್ತವೆಂಬುದನ್ನು ಬಲ್ಲವರು ಬಲ್ಲರು. ಬಾಯಲ್ಲಿ ಕ್ಷೇತ್ರವೆನ್ನುತ್ತ ಬಂದ ನಾವು ತಾಯಿಯೂ ಬೀಜ ಕೊಟ್ಟವಳೆಂಬುದನ್ನು ಮನಸ್ಸಿನಲ್ಲಿ ಎಂದೋ ಒಪ್ಪಿದ್ದೇವೆ. ಮುಚ್ಚಿಡುವ ಈ ಕಷ್ಟವೇ ಅದಕ್ಕೆ ಸಾಕ್ಷಿ.

ಇದು ಬರಿಯ ತರ್ಕವಲ್ಲವೆನ್ನುವುದಕ್ಕೆ 2023ರ ಏಪ್ರಿಲಿನಲ್ಲಿ ಬೆಂಗಳೂರಿನ ಉಚ್ಚ ನ್ಯಾಯಾಲಯವು ತೀರ್ಮಾನಿಸಿದ ಪ್ರಕರಣವೊಂದಿದೆ. ದಂಪತಿಗಳ 23 ವರ್ಷದ ಮಗ ಅಪಘಾತದಲ್ಲಿ ತೀರಿಕೊಂಡಿದ್ದನು. ತಾಯಿಯ ಗರ್ಭಕೋಶವನ್ನು ಹಿಂದೆಯೇ ತೆಗೆಯಲಾಗಿತ್ತು. ಇನ್ನೊಬ್ಬಳ ಗರ್ಭದಲ್ಲಿ ಮಗುವನ್ನು ಪಡೆಯೋಣವೆಂದರೆ, 2021ರ ಕಾನೂನು ಪುರುಷನಿಗೆ 55 ವರ್ಷದ ಮಿತಿಯನ್ನಿಟ್ಟಿದೆ. ತಂದೆಗೆ ಆಗ 57. ನ್ಯಾಯಮೂರ್ತಿ ಎಂ. ನಾಗಪ್ರಸನ್ನರವರು ವಯಸ್ಸೊಂದರಿಂದಲೇ ಬಾಗಿಲು ಮುಚ್ಚದೆ, ಆನುವಂಶಿಕ, ದೈಹಿಕ, ಆರ್ಥಿಕ ಎಂಬ ಮೂರು ಪರೀಕ್ಷೆಗಳನ್ನು ಸೂಚಿಸಿದರು. ಆ ವೃತ್ತಾಂತವನ್ನು ಓದಿದಾಗ ನಮಗೆ ನೆನಪಾದದ್ದು ಕಪಿಲೆಯ ದಡದ ಮನೆಯೇ. ಮಗ ಹೋದ ಮನೆಯ ದುಃಖ ಎರಡು ಕಡೆಯೂ ಒಂದೇ. ಶ್ರೋತ್ರಿಗಳಿಗೆ ಮೊಮ್ಮಗನಿದ್ದನು, ಇವರಿಗೆ ಅದೂ ಇಲ್ಲ.

ಅದೇ ಕಾನೂನಿನ ಇನ್ನು ಮೂರು ಕಟ್ಟಳೆಗಳು ಸಾಹಿತ್ಯಾಭ್ಯಾಸಿಗಳಿಗೆ ವಿಚಾರಾರ್ಹವಾಗಿವೆ. ಗರ್ಭವನ್ನು ಹೊರುವವಳು ತನ್ನ ಅಂಡವನ್ನು ಕೊಡಕೂಡದು. ಅವಳಿಗೆ ಸ್ವಂತ ಮಗುವೊಂದು ಇರಲೇಬೇಕು. ವೈದ್ಯವೆಚ್ಚವನ್ನೂ 36 ತಿಂಗಳ ವಿಮೆಯನ್ನೂ ಬಿಟ್ಟು ಅವಳಿಗೆ ಹಣ ಸಲ್ಲದು. ಹಾಗಾದರೆ ವೃತ್ತಪತ್ರಿಕೆಗಳು ಇಂದಿಗೂ ಬಳಸುತ್ತಿರುವ ‘ಬಾಡಿಗೆ ತಾಯಿ’ ಎಂಬ ಮಾತಿಗೆ ಅರ್ಥವೇನು? ಹಿಂದೆ ಹಣದ ವ್ಯವಹಾರ ನಡೆಯುತ್ತಿದ್ದಾಗ ಅದು ಒರಟಾದರೂ ನಿಜವಾಗಿತ್ತು. ಬಾಡಿಗೆಯನ್ನು ಕಾನೂನು ತೆಗೆದುಹಾಕಿದರೂ ಹೆಸರು ಮಾತ್ರ ಅವಳ ಹಣೆಗೆ ಅಂಟಿಕೊಂಡಿದೆ. (ಬಾಡಿಗೆಯಿಲ್ಲದೆ ಒಂಬತ್ತು ತಿಂಗಳು ಹೊರು ಎನ್ನುವುದು ನ್ಯಾಯವೇ ಎಂಬುದು ಬೇರೆ ಪ್ರಶ್ನೆ, ಅಲ್ಲವೆಂದೇ ನಮಗೆ ಅನುಮಾನ.) ‘ಹೊತ್ತ ತಾಯಿ’ ಎಂದರೆ ಸಾಲದೆ?

ಹಿಂದಿನವರು ಇಷ್ಟು ಕೃಪಣರಾಗಿರಲಿಲ್ಲ. ದೇವಕಿಯ ಏಳನೆಯ ಗರ್ಭವನ್ನು ಯೋಗಮಾಯೆಯು ರೋಹಿಣಿಗೆ ಸಾಗಿಸಿದಳೆಂದು ಭಾಗವತದ ಕಥೆ. ಇದನ್ನು ಹಿಡಿದು ನಮ್ಮಲ್ಲಿ ಈ ವೈದ್ಯವು ಆಗಲೇ ಇದ್ದಿತೆಂದು ವಾದಿಸುವ ಮಹನೀಯರಿದ್ದಾರೆ. ಆ ವಾದದಲ್ಲಿ ನಮಗೆ ಆಸಕ್ತಿಯಿಲ್ಲ. ನಾವು ನೋಡತಕ್ಕದ್ದು ಹೆಸರನ್ನು. ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನಲ್ಲಿ ಓದಿದ ಹಿರಿಯರು ಯಾರನ್ನಾದರೂ ಕೇಳಿದರೆ ಅಮರಕೋಶದ ಬಲರಾಮನ ಹೆಸರುಗಳನ್ನು ತಡೆಯಿಲ್ಲದೆ ಹೇಳಿಯಾರು. ಅವುಗಳಲ್ಲಿ ರೌಹಿಣೇಯನೆಂಬುದುಂಟು. ಹೊತ್ತವಳ ಹೆಸರು ಮಗನಿಗೆ ಬಂತು. ಗರ್ಭವನ್ನು ಸೆಳೆದೊಯ್ದ ಸಂಗತಿಯೂ ಸಂಕರ್ಷಣನೆಂಬ ಹೆಸರಿನಲ್ಲಿ ಬಹಿರಂಗವಾಗಿ ಉಳಿಯಿತು. ಷಣ್ಮುಖನಂತೂ ಪಾರ್ವತೀನಂದನನೂ ಹೌದು, ಕೃತ್ತಿಕೆಯರಿಂದ ಕಾರ್ತಿಕೇಯನೂ ಹೌದು, ಷಾಣ್ಮಾತುರನೂ ಹೌದು. ಪುರಾಣವು ಯಾವ ತಾಯಿಯನ್ನೂ ಅಳಿಸಿಹಾಕಲಿಲ್ಲ. ಇಂದಿನ ಜನನಪತ್ರದಲ್ಲಿ ರೋಹಿಣಿಗೆ ಸ್ಥಳವಿಲ್ಲ. ಹೆತ್ತ ಮಗುವಿನ ಮೇಲೆ ಅವಳಿಗೆ ಹಕ್ಕಿರಬೇಕೆಂದು ನಾವು ಹೇಳುತ್ತಿಲ್ಲ. ಹಕ್ಕಿನ ಗೊಂದಲವನ್ನು ಕಾನೂನು ತಪ್ಪಿಸಿರುವುದು ಒಳ್ಳೆಯದೇ.

ನಮ್ಮ ನುಡಿಯೂ ಹೊತ್ತವಳ ಪಕ್ಷವನ್ನೇ ಹಿಡಿದಿದೆ. ಸಹೋದರ ಎಂದರೆ ಒಂದೇ ಉದರದಿಂದ ಬಂದವನು. ಬೀಜದ ಮಾತೇ ಅಲ್ಲಿಲ್ಲ. ಹೊರುವವಳಿಗೆ ಸ್ವಂತ ಮಗುವಿರಬೇಕೆಂದು ಕಾನೂನು ವಿಧಿಸಿರುವುದರಿಂದ, ಹೀಗೆ ಹುಟ್ಟಿದ ಪ್ರತಿಯೊಂದು ಮಗುವಿಗೂ ಶಬ್ದಾರ್ಥದಲ್ಲಿ ಒಬ್ಬ ಸಹೋದರನೋ ಸಹೋದರಿಯೋ ಹುಟ್ಟಿದವರು ಇನ್ನೊಂದು ಮನೆಯಲ್ಲಿ ಇದ್ದೇ ಇರುತ್ತಾರೆ. ಅಮ್ಮನ ಹೊಟ್ಟೆ ದೊಡ್ಡದಾದದ್ದನ್ನು ಆ ಮಗು ನೋಡಿದೆ. ಪಾಪು ಎಲ್ಲಿ ಎಂದು ಅದು ಕೇಳಿರಲೂಬಹುದು. ಕೇಳಿದಾಗ ತಾಯಿ ಏನೆಂದಳು?

ಈ ಪ್ರಶ್ನೆಯನ್ನು ನ್ಯಾಯಾಲಯವು ಕೇಳದು, ಕಾದಂಬರಿಯು ಕೇಳಬೇಕು. ಕ್ಷೇತ್ರವು ಬಾಯಿ ತೆರೆದು ಮಾತನಾಡಬಲ್ಲದೆಂಬುದನ್ನು ಭೈರಪ್ಪನವರೇ 1979ರ ‘ಪರ್ವ’ದಲ್ಲಿ ತೋರಿದರು. ಅಲ್ಲಿ ನಿಯೋಗವನ್ನು ನಾವು ಕುಂತಿಯ ನೆನಪಿನೊಳಗಿನಿಂದ ಕಾಣುತ್ತೇವೆ. ಪಾಂಡುವಿನ ಅವಮಾನ, ಮಾದ್ರಿಯ ತಳಮಳ, ಪರಪುರುಷನ ಸಂಗಡ ಕಳೆದ ದಿನಗಳು, ಎಲ್ಲಕ್ಕೂ ಅವಳ ದನಿಯುಂಟು. ‘ವಂಶವೃಕ್ಷ’ದಲ್ಲಿ ಶ್ರೋತ್ರಿಗಳ ತಾಯಿಗೆ ಆ ದನಿ ದೊರೆಯಲಿಲ್ಲ. ಅವಳು ಒಪ್ಪಿದಳೇ, ಒಪ್ಪಿಸಲ್ಪಟ್ಟಳೇ, ಮಗನನ್ನು ಮಡಿಲಲ್ಲಿಟ್ಟುಕೊಂಡಾಗ ಯಾರ ಮುಖವನ್ನು ಅವನಲ್ಲಿ ಕಂಡಳು, ಎಂಬುದು ಕಾದಂಬರಿಯ ಹೊರಗೇ ಉಳಿಯಿತು. ಮಗನ ತ್ಯಾಗದ ಎತ್ತರವನ್ನು ನೋಡುವ ಭರದಲ್ಲಿ ನಾವು ಓದುಗರೂ ಅವಳನ್ನು ಕೇಳಲಿಲ್ಲ. ನಾವಂತೂ ಅದನ್ನು ನಾಲ್ಕನೆಯ ಸಲ ಓದಿದಾಗಲೇ ಅವಳಿದ್ದಾಳೆಂದು ಗಮನಿಸಿದೆವು.