ಯಾರ ಹೆಗಲಿಗೆ ಯಾರ ಶಿಲುಬೆ? ಡೆಲೊರೆಸ್ ವಿಲಿಯಮ್ಸ್ ಅವರ ಹಾಗರಳನ್ನು ಓದುತ್ತಾ

ಹಾಗರಳ ಕುರಿತ ಪ್ರಸಂಗವನ್ನು ನಾವು ಕೇಳುವುದು ಅಪರೂಪ. ಕೇಳಿದಾಗಲೂ ಅದು ಬಹುಮಟ್ಟಿಗೆ ಗಲಾತ್ಯದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಮೂಲಕವೇ ಬರುತ್ತದೆ. ಅಲ್ಲಿ ಆಕೆ ದಾಸತ್ವದ ಒಡಂಬಡಿಕೆಗೆ ಸಂಕೇತ. ಹೀಗೆ ಸಂಕೇತವಾದವಳ ಬಾಯಾರಿಕೆ ಯಾರಿಗೂ ನೆನಪಿರುವುದಿಲ್ಲ. ಅಮೆರಿಕದ ದೈವಜ್ಞಾನಿ ಡೆಲೊರೆಸ್ ಎಸ್. ವಿಲಿಯಮ್ಸ್ 1993ರಲ್ಲಿ ಪ್ರಕಟಿಸಿದ ‘ಸಿಸ್ಟರ್ಸ್ ಇನ್ ದ ವಿಲ್ಡರ್ನೆಸ್’ ಕೃತಿಯು ಆಕೆಯನ್ನು ಸಂಕೇತದಿಂದ ಬಿಡಿಸಿ ಆದಿಕಾಂಡದ ಮರಳುಗಾಡಿಗೆ ಮರಳಿ ಕರೆತಂದಿತು. ಆ ಕೃತಿ ಎತ್ತಿದ ಪ್ರಶ್ನೆ ಶುಭ ಶುಕ್ರವಾರದಂದು ಪ್ರಸಂಗಪೀಠವನ್ನೇರುವ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದೆಂಬುದು ನಮ್ಮ ಅಭಿಪ್ರಾಯ.

ಕೃತಿಯ ಹಿನ್ನೆಲೆಯನ್ನು ಮೊದಲು ನೋಡೋಣ. 1969ರಲ್ಲಿ ಜೇಮ್ಸ್ ಕೋನ್ ಕಪ್ಪು ಜನರ ವಿಮೋಚನಾ ದೈವಜ್ಞಾನಕ್ಕೆ ತಳಹದಿ ಹಾಕಿದರು. ಇಸ್ರಾಯೇಲ್ಯರನ್ನು ಐಗುಪ್ತದಿಂದ ಬಿಡಿಸಿದ ದೇವರು ಇಂದಿಗೂ ತುಳಿಯಲ್ಪಟ್ಟವರ ಪಕ್ಷದಲ್ಲಿದ್ದಾನೆ ಎಂಬುದು ಅದರ ತಿರುಳು. ಆದರೆ ಆ ದೈವಜ್ಞಾನದಲ್ಲಿ ಕಪ್ಪು ಮಹಿಳೆಯ ಅನುಭವಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. ಬಿಳಿಯ ಸ್ತ್ರೀವಾದದಲ್ಲಿಯೂ ಆಕೆಯ ಬಣ್ಣಕ್ಕೆ ಸ್ಥಾನವಿರಲಿಲ್ಲ. ಈ ಎರಡರ ನಡುವೆ ನಿಂತವರಿಗೆ ಲೇಖಕಿ ಆಲಿಸ್ ವಾಕರ್ 1983ರಲ್ಲಿ ವಿವರಿಸಿದ ‘ವುಮನಿಸ್ಟ್’ ಎಂಬ ಪದ ಒಂದು ಹೆಸರನ್ನು ಕೊಟ್ಟಿತು. ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಕೋನ್ ಅವರ ಸಹೋದ್ಯೋಗಿಯಾಗಿದ್ದ ವಿಲಿಯಮ್ಸ್ ಆ ಹೆಸರಿನಲ್ಲಿಯೇ ಬರೆದರು.

ವಿಲಿಯಮ್ಸ್ ಅವರ ಓದು ಒಂದು ಅಹಿತಕರ ವಚನದಲ್ಲಿ ನಿಲ್ಲುತ್ತದೆ. ಯಜಮಾನಿಯ ಹಿಂಸೆ ತಾಳದೆ ಓಡಿಹೋದ ಗರ್ಭಿಣಿ ದಾಸಿಗೆ ಕರ್ತನ ದೂತನು ಹಿಂದಿರುಗಿ ಅಧೀನಳಾಗಿರೆಂದು ಹೇಳುತ್ತಾನೆ (ಆದಿಕಾಂಡ 16). ಇಲ್ಲಿ ಬಿಡುಗಡೆಯಿಲ್ಲ. ದೇವರು ಸದಾ ವಿಮೋಚಕನೆಂಬ ಸೂತ್ರಕ್ಕೆ ಈ ಅಧ್ಯಾಯ ಒಗ್ಗುವುದಿಲ್ಲ. ಆದರೆ ದೇವರಿಗೆ ಹೆಸರಿಟ್ಟವಳು ಇದೇ ದಾಸಿ, ಮತ್ತು ಇಪ್ಪತ್ತೊಂದನೆಯ ಅಧ್ಯಾಯದಲ್ಲಿ, ಮಗನ ಸಾವನ್ನು ನೋಡಲಾರದೆ ದೂರ ಕುಳಿತು ಅತ್ತವಳ ಕಣ್ಣನ್ನು ದೇವರು ತೆರೆದಾಗ ನೀರಿನ ಬಾವಿ ಕಾಣಿಸುತ್ತದೆ. ಹೀಗೆ, ಬಿಡುಗಡೆ ಬಾರದ ಕಾಲದಲ್ಲಿಯೂ ಬದುಕಿ ಉಳಿಯುವ ದಾರಿಯನ್ನು ತೋರುವ ದೇವರನ್ನು ವಿಲಿಯಮ್ಸ್ ಗುರುತಿಸುತ್ತಾರೆ.

ಅವರ ವಾದದ ಎರಡನೆಯ ಹೆಜ್ಜೆ ಇನ್ನೂ ಕಠಿಣವಾದದ್ದು. ಹಾಗರಳು ಸಾರಯಳ ಬದಲಿಗೆ ಹೆರಬೇಕಾದವಳು. ಅಮೆರಿಕದ ಗುಲಾಮಗಿರಿಯಲ್ಲಿ ಕಪ್ಪು ಮಹಿಳೆ ಒಡತಿಯ ಬದಲಿಗೆ ಮೊಲೆಯುಣಿಸಿದಳು, ಗಂಡಸರ ಬದಲಿಗೆ ಹೊಲ ಉತ್ತಳು, ಒಡೆಯನ ಕಾಮಕ್ಕೆ ಬಲಿಯಾದಳು. ಗುಲಾಮಗಿರಿ ಅಳಿದ ಮೇಲೆ ಬಲಾತ್ಕಾರದ ಸ್ಥಾನದಲ್ಲಿ ಬಡತನದ ಒತ್ತಡ ಬಂದಿತು. ಬದಲಿತನ ಮಾತ್ರ ಉಳಿಯಿತು. ಇಂಥವಳ ಮುಂದೆ ಕ್ರಿಸ್ತನನ್ನು ನಮ್ಮ ಬದಲಿಗೆ ಸತ್ತವನೆಂದು ಸಾರಿದರೆ, ಆಕೆಯ ಮೇಲೆ ಹೊರಿಸಲಾದ ಬದಲಿತನವೇ ಪವಿತ್ರವೆಂದಾಗುವುದಿಲ್ಲವೇ? ಆದುದರಿಂದ ವಿಲಿಯಮ್ಸ್ ರಕ್ಷಣೆಯನ್ನು ಕಾಣುವುದು ಯೇಸುವಿನ ಸೇವೆಯಲ್ಲಿ, ಅಂದರೆ ಗುಣಪಡಿಸುವಿಕೆಯಲ್ಲಿ, ಬೋಧನೆಯಲ್ಲಿ, ಜೀವದ ದರ್ಶನದಲ್ಲಿ. ಶಿಲುಬೆಯಾದರೋ ಆ ದರ್ಶನಕ್ಕೆ ಪಾಪಿಷ್ಠ ಲೋಕವು ಕೊಟ್ಟ ಉತ್ತರ.

ಈ ವಾದದ ಸತ್ಯವನ್ನು ನಾವು ಒಪ್ಪಲೇಬೇಕು. ಗಂಡನ ಹೊಡೆತ ತಿಂದು ಬಂದ ಹೆಣ್ಣಿಗೆ ಅದು ನಿನ್ನ ಶಿಲುಬೆ, ಹೊತ್ತುಕೋ ಎಂದು ಬುದ್ಧಿ ಹೇಳುವ ಸಭಾಪಾಲಕನು ಸುವಾರ್ತೆಯನ್ನು ಸಾರುತ್ತಿಲ್ಲ. ಹೊಡೆಯುವವನ ಕೈಯನ್ನು ಬಲಪಡಿಸುತ್ತಿದ್ದಾನೆ. ಸುಲಿದುಕೊಂಡದ್ದನ್ನು ಸಮರ್ಪಣೆಯೆಂದು ಕರೆಯುವುದು ಸುಳ್ಳು.

ಆದರೂ ಒಂದು ಕೊರತೆ ನಮಗೆ ಕಾಣುತ್ತದೆ. ಹಾಗರಳು ಬದುಕಿದಳು. ಬದುಕದೆ ಹೋದವರ ಪಾಡೇನು? 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲ್ಲಲ್ಪಟ್ಟ ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನಿಗೆ ಯಾವ ಬಾವಿಯೂ ಕಾಣಿಸಲಿಲ್ಲ. ಮಗನ ವಿರೂಪಗೊಂಡ ಮುಖವನ್ನು ಲೋಕವು ನೋಡಲೆಂದು ಆತನ ತಾಯಿ ಶಿಕಾಗೋದಲ್ಲಿ ಶವಪೆಟ್ಟಿಗೆಯನ್ನು ತೆರೆದೇ ಇರಿಸಿದಳು. ಕೋನ್ 2011ರಲ್ಲಿ ಬರೆದ ‘ದ ಕ್ರಾಸ್ ಅಂಡ್ ದ ಲಿಂಚಿಂಗ್ ಟ್ರೀ’ ಕೃತಿಯಲ್ಲಿ ಈ ತಾಯಿಯನ್ನು ನೆನೆಯುತ್ತಾರೆ. ಕಷ್ಟವು ತನ್ನಷ್ಟಕ್ಕೆ ರಕ್ಷಿಸುವುದಿಲ್ಲವೆಂದು ಅವರು ವಿಲಿಯಮ್ಸ್ ಅವರೊಂದಿಗೆ ಒಪ್ಪುತ್ತಾರೆ. ಆದರೆ ಶಿಲುಬೆಯನ್ನು ಬಿಡಲಾರರು. ಮರಕ್ಕೆ ನೇತುಹಾಕಲ್ಪಟ್ಟವರ ಬಳಿಯಲ್ಲಿ ದೇವರು ಇದ್ದಾನೆಂಬ ಮಾತನ್ನು ಬೇರೆಲ್ಲಿಂದ ಹೇಳುವುದು? ಈ ವಿಷಯದಲ್ಲಿ ನಾವು ಕೋನ್ ಅವರ ಪಕ್ಷ.

ಹಾಗಾದರೆ ವಿಲಿಯಮ್ಸ್ ಅವರಿಗೆ ಉತ್ತರ ದೊರೆಯಿತೇ? ಕ್ರಿಸ್ತನು ಪ್ರಾಣವನ್ನು ತಾನಾಗಿಯೇ ಕೊಟ್ಟನು, ಹಾಗರಳಿಂದ ಅದು ಕಿತ್ತುಕೊಳ್ಳಲ್ಪಟ್ಟಿತು ಎಂದು ಹೇಳಿ ಮುಗಿಸುವಂತಿಲ್ಲ. ತಾನಾಗಿ ಒಪ್ಪಿದಂತೆ ಕಾಣುವುದರ ಹಿಂದೆಯೂ ಒತ್ತಡವಿರುತ್ತದೆಂದು ಅವರು ಮೊದಲೇ ಎಚ್ಚರಿಸಿದ್ದಾರೆ. ಇಲ್ಲಿ ಮಾರ್ಕನ ಸುವಾರ್ತೆಯೇ ನಮಗೆ ನೆರವಾಗುತ್ತದೆ. ಎಂಟನೆಯ ಅಧ್ಯಾಯದಲ್ಲಿ ತನ್ನ ಶಿಲುಬೆಯನ್ನು ಹೊತ್ತುಕೊಳ್ಳೆಂದು ಕರೆಯುವವನು, ಆ ದಾರಿಯಲ್ಲಿ ತಾನೇ ಮುಂದೆ ನಡೆಯುವ ಯೇಸು. ಹದಿನೈದನೆಯ ಅಧ್ಯಾಯದಲ್ಲಿ ಆಫ್ರಿಕದ ಕುರೇನ್ಯದಿಂದ ಬಂದ ಸೀಮೋನನನ್ನು ಶಿಲುಬೆ ಹೊರಲು ಬಿಟ್ಟಿ ಹಿಡಿದವರು ರೋಮಿನ ಸೈನಿಕರು. ಹೊರೆ ಒಂದೇ ಎಂದು ಕಂಡರೂ ಕರೆದ ಬಾಯಿ ಒಂದೇ ಅಲ್ಲ. ಬಿಟ್ಟಿ ಚಾಕರಿ ಎಂದರೇನೆಂಬುದನ್ನು ದಲಿತ ಕೇರಿಗಳಿಂದ ಬೆಳೆದುಬಂದ ನಮ್ಮ ಸಭೆಗಳಿಗೆ ಯಾರೂ ವಿವರಿಸಬೇಕಿಲ್ಲ.

ಆದಕಾರಣ ಶಿಲುಬೆಯನ್ನು ಪ್ರಸಂಗದಿಂದ ತೆಗೆಯಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಸಾರುವ ಮುನ್ನ ನಾವು ನಿಂತಿರುವ ಸ್ಥಳವನ್ನು ನೋಡಿಕೊಳ್ಳಬೇಕೆಂದಷ್ಟೇ ಹೇಳುತ್ತೇವೆ. ನಾವು ಹೊರದ ಭಾರವನ್ನು ಇನ್ನೊಬ್ಬರ ಹೆಗಲಿಗೆ ಏರಿಸುತ್ತಿದ್ದರೆ, ನಮ್ಮ ಬಾಯಲ್ಲಿರುವುದು ಯೇಸುವಿನ ಮಾತಲ್ಲ, ಸೈನಿಕನ ಅಪ್ಪಣೆ. ಹಾಗರಳನ್ನು ಕಂಡ ದೇವರು ನಮ್ಮನ್ನೂ ಕಾಣುತ್ತಿದ್ದಾನೆ.