ಎವರೆಸ್ಟಿನ ಅವಸರ

ಪ್ರವಾಸ ಹೊರಡಿಸುವವರ ಕರಪತ್ರದಲ್ಲಿ ಅದು ಕೊನೆಯ ಸಾಲಿನಲ್ಲಿರುತ್ತದೆ. ಕಾಶಿ, ಗಯಾ, ಅಯೋಧ್ಯೆ, ಗಡಿ ದಾಟಿದ ಮೇಲೆ ಪೋಖರಾ, ಮುಕ್ತಿನಾಥ, ಪಶುಪತಿನಾಥ, ಇವೆಲ್ಲ ಕಟ್ಟಿದ ಹಣದೊಳಗೇ ಬರುತ್ತವೆ. ವಿಮಾನದಿಂದ ಹಿಮಾಲಯ ತೋರಿಸುವ ‘ಮೌಂಟನ್ ಫ್ಲೈಟ್’ ಮಾತ್ರ ಬೇಕಾದವರಿಗೆ, ಖರ್ಚು ಬೇರೆ. ಬೀದರ, ಭಾಲ್ಕಿ, ಔರಾದ ಕಡೆಯಿಂದ ಹೋಗುವ ತಂಡಗಳಲ್ಲಿ ಈ ಒಂದು ಸಾಲಿನ ಸುತ್ತ ಸಣ್ಣ ಜಗಳ ಆಗದೆ ಇರುವುದಿಲ್ಲ. ಒಂದು ತಾಸಿಗೆ ಇಷ್ಟು ರೊಕ್ಕವೇ ಎನ್ನುವವರು ಕೆಲವರು. ಇಷ್ಟು ದೂರ ಬಂದು ಹಿಮಾಲಯ ನೋಡದೆ ಹೋದರೆ ಊರಲ್ಲಿ ಏನು ಹೇಳುವುದು ಎನ್ನುವವರು ಇನ್ನು ಕೆಲವರು. ನಾನು ಎರಡನೆಯ ಗುಂಪಿನ ಹಿಂದೆ ಹತ್ತಿದವನು. ರೊಕ್ಕದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಒಂದು ತಾಸಿನಲ್ಲಿ ಏನನ್ನು ತೋರಿಸುತ್ತಾರೆ, ಏನನ್ನು ತೋರಿಸದೆ ದಾಟಿಸಿಬಿಡುತ್ತಾರೆ ಎಂಬುದರಲ್ಲಿ.

ವ್ಯವಸ್ಥೆ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಠ್ಮಂಡುವಿನ ತ್ರಿಭುವನ ವಿಮಾನ ನಿಲ್ದಾಣದ ದೇಶೀಯ ಟರ್ಮಿನಲ್ಲಿನಿಂದ ನಸುಕಿನಲ್ಲೇ ಈ ವಿಮಾನಗಳು ಏಳುತ್ತವೆ. ಹೊತ್ತೇರಿದಂತೆ ಮೋಡ ಏರುತ್ತದೆ, ಆಮೇಲೆ ಹೋಗಿ ಪ್ರಯೋಜನವಿಲ್ಲ. ಪಶುಪತಿನಾಥನ ಗುಡಿಗೂ ರನ್‌ವೇಗೂ ಬಹಳ ಅಂತರವಿಲ್ಲ; ಆ ಗುಡಿಯ ಮೂಲ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಎಂದು ತಿಳಿದ ಮೇಲೆ ನಮ್ಮವರಿಗೆ ಆ ಜಾಗ ಅರ್ಧ ಊರಿನಂತೆಯೇ ಆಗಿರುತ್ತದೆ. ಮೊದಲು ಹತ್ತೊಂಬತ್ತು ಸೀಟಿನ ಬೀಚ್‌ಕ್ರಾಫ್ಟ್ ವಿಮಾನಗಳಿದ್ದವು, ಈಗ ಹೆಚ್ಚಾಗಿ ಎಟಿಆರ್. ರೆಕ್ಕೆ ಕಿಟಕಿಯ ಮೇಲೆ ಬರುವ ವಿಮಾನ ಅದು, ಕೆಳಗಿನ ನೋಟಕ್ಕೆ ಅಡ್ಡಿ ಕಡಿಮೆ. ನಡುದಾರಿಯ ಬದಿಯ ಸೀಟುಗಳನ್ನು ಖಾಲಿ ಬಿಟ್ಟು ಎಲ್ಲರಿಗೂ ಕಿಟಕಿ ಕೊಡುತ್ತಾರೆ. ಶಿಖರಗಳ ಸಾಲನ್ನು ಗೆರೆಯಲ್ಲಿ ಬರೆದ ಚೀಟಿಯೊಂದು ಕೈಗೆ ಬರುತ್ತದೆ. ಪೂರ್ವಕ್ಕೆ ಹೋಗುವಾಗ ಎಡಗಡೆಯವರಿಗೆ ಹಿಮಾಲಯ, ತಿರುಗಿ ಬರುವಾಗ ಬಲಗಡೆಯವರಿಗೆ. ಒಬ್ಬೊಬ್ಬರನ್ನೇ ಪೈಲಟ್‌ಗಳ ಕೋಣೆಯ ಬಾಗಿಲಿಗೆ ಕರೆದು ಮುಂದಿನ ಗಾಜಿನಿಂದಲೂ ತೋರಿಸುತ್ತಾರೆ. ಇಳಿಯುವ ಮೊದಲು ಒಂದು ಪ್ರಮಾಣಪತ್ರ.

ಮೊಣಕಾಲು ಹೋದ ಮುದುಕಿಯೊಬ್ಬಳು, ಎವರೆಸ್ಟಿನ ಚಾರಣದ ದಾರಿಯ ನಾಮ್ಚೆ ಬಜಾರಿನ ಮೆಟ್ಟಿಲು ಕನಸಿನಲ್ಲೂ ಹತ್ತಲಾಗದವಳು, ಎಂಟು ಸಾವಿರ ಮೀಟರಿನ ಶಿಖರಗಳನ್ನು ಕಣ್ಣಾರೆ ನೋಡಿ ಬರುವುದು ಸಣ್ಣ ಸಂಗತಿಯಲ್ಲ. ಹಿಮಾಲಯ ಗಟ್ಟಿಮುಟ್ಟಾದವರ ಸ್ವತ್ತು ಎಂದುಕೊಂಡು ಈ ವಿಮಾನಗಳನ್ನು ಹೀಯಾಳಿಸುವ ಚಾರಣಿಗರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಈ ಹಾರಾಟದ ನಾಯಕ ಎವರೆಸ್ಟಿನ ವಿಷಯ. ಕರಪತ್ರ ‘ಎವರೆಸ್ಟಿನ ಮೇಲೆ’ ಎಂದು ಹೇಳಿದರೂ ವಿಮಾನ ಹೋಗುವುದು ಪಕ್ಕದಲ್ಲಿ, ಅದೂ ದೂರ ಕಾಯ್ದುಕೊಂಡು. ಎಟಿಆರ್ ಏರಬಹುದಾದ ಗರಿಷ್ಠ ಎತ್ತರ 25,000 ಅಡಿ. ಎವರೆಸ್ಟಿನ ತುದಿ 29,032 ಅಡಿ. 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಘೋಷಿಸಿದ ಲೆಕ್ಕದಲ್ಲಿ 8,848.86 ಮೀಟರು. ಅಂದರೆ ವಿಮಾನದಲ್ಲಿ ಕೂತೂ ಅದನ್ನು ತಲೆಯೆತ್ತಿಯೇ ನೋಡಬೇಕು. ಅದರಾಚೆ ಟಿಬೆಟ್, ಅಲ್ಲಿಗೆ ಹೋಗುವಂತಿಲ್ಲ. ದಕ್ಷಿಣದಿಂದ ನೋಡುವವರಿಗೆ ನುಪ್ತ್ಸೆ–ಲೋತ್ಸೆಗಳ ಉದ್ದನೆಯ ಗೋಡೆ ಮುಂದೆ ನಿಂತಿರುತ್ತದೆ. ಎವರೆಸ್ಟ್ ಅದರ ಹಿಂದಿನಿಂದ ಕಪ್ಪು ಮುಖ ಮಾತ್ರ ತೋರಿಸುತ್ತದೆ. ಮೇಲಿನ ಗಾಳಿ ಜೋರಾಗಿದ್ದರೆ ತುದಿಯಿಂದ ಹಿಮದ ಪುಡಿ ಬಾವುಟದ ಹಾಗೆ ಒಂದೇ ದಿಕ್ಕಿಗೆ ಹಾರುತ್ತಿರುತ್ತದೆ. ಅದು ಇಲ್ಲದ ದಿನ ಗುರುತು ಹಿಡಿಯುವುದೇ ಕಷ್ಟ. ಅಕ್ಕಪಕ್ಕದ ಅಮಾ ದಬ್ಲಾಮ್ 6,812 ಮೀಟರಿನದಾದರೂ ಅದರ ಮುಂದೆ ಎವರೆಸ್ಟ್ ಸಪ್ಪೆ. ಗಗನಸಖಿ ಬೆರಳು ಮಾಡಿ ತೋರಿಸಿದ ಮೇಲೂ ನನ್ನ ಹಿಂದಿನ ಸೀಟಿನಿಂದ ಬಂದ ಮಾತು: “ಇಷ್ಟೇ ಏನ್ರಿ?”

ಆ ಮಾತಿಗೆ ಎವರೆಸ್ಟ್ ಹೊಣೆಯಲ್ಲ. ನಸುಕಿನಿಂದಲೂ ಒಂದೇ ಹೆಸರನ್ನು ಹೇಳಿ ಹೇಳಿ ಉಳಿದೆಲ್ಲವನ್ನೂ ಅದರ ದಾರಿಯ ಮೈಲುಗಲ್ಲು ಮಾಡಿಟ್ಟ ನಿರೂಪಣೆ ಹೊಣೆ. ಚೀಟಿಯಲ್ಲಿ ಪ್ರತಿ ಶಿಖರದ ಕೆಳಗೆ ಇರುವುದು ಹೆಸರು ಮತ್ತು ಎತ್ತರ, ಮತ್ತೇನಿಲ್ಲ. ಲಾಂಗ್‌ಟಾಂಗ್, ಶಿಶಾಪಾಂಗ್ಮಾ, ದೋರ್ಜೆ ಲಾಕ್ಪಾ ಎಂದು ಒಂದೊಂದಾಗಿ ದಾಟಿಸುತ್ತಾರೆ. ಪರೀಕ್ಷೆಯ ಅಂಕಪಟ್ಟಿಯ ಮೊದಲ ಸ್ಥಾನದವನನ್ನು ನೋಡುವ ಅವಸರ ಎಲ್ಲರ ಮುಖದಲ್ಲೂ.

ಈ ಅವಸರದಲ್ಲಿ ಕಳೆದುಹೋಗುವುದು ಗೌರಿಶಂಕರ. ತಂಡದ ಭಾಲ್ಕಿ ಕಡೆಯ ಹಿರಿಯಾಕೆಯೊಬ್ಬರು ಚೀಟಿಯನ್ನು ಮೊಮ್ಮಗನ ಕೈಗೆ ಕೊಟ್ಟು ಕೇಳಿದ್ದು ಒಂದೇ ಪ್ರಶ್ನೆ: “ಕೈಲಾಸ ಎಲ್ಲದಪ್ಪಾ ಇದ್ರಾಗ?” ಕೈಲಾಸ ಇದರಲ್ಲಿ ಇಲ್ಲ, ಅದು ಟಿಬೆಟ್ಟಿನ ಒಳಗೆ, ಪಶ್ಚಿಮಕ್ಕೆ ಬಹಳ ದೂರ. ಹುಡುಗ ಚೀಟಿಯ ಮೇಲೆ ಬೆರಳಾಡಿಸಿ, “ಕೈಲಾಸ ಇಲ್ಲ ಆಯೀ, ಗೌರಿಶಂಕರ ಅದ ನೋಡು” ಎಂದ. ಅವರು ಅಲ್ಲೇ ಕೈ ಮುಗಿದರು. ಅಷ್ಟರಲ್ಲಿ ಮುಂದಿನ ಹೆಸರು ಬಂತು.

ಏಳು ಸಾವಿರದ ನೂರ ಚಿಲ್ಲರೆ ಮೀಟರಿನ ಆ ಜೋಡಿ ಶಿಖರದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲವೇ? ಗಡಿ ದಾಟುವಾಗ ನಮ್ಮವರೆಲ್ಲ ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಮಾಡಿಕೊಂಡಿರುತ್ತಾರಲ್ಲ, ಆ ಹದಿನೈದು ನಿಮಿಷಕ್ಕೆ ಕಾರಣ ಈ ಬೆಟ್ಟ. ನೇಪಾಳದ ಸಮಯವನ್ನು ನಿಗದಿ ಮಾಡಿರುವುದು ಗೌರಿಶಂಕರದ ಬಳಿ ಹಾಯುವ ರೇಖಾಂಶದ ಲೆಕ್ಕದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಕೆಲವರು ಇದನ್ನೇ ಎವರೆಸ್ಟ್ ಎಂದುಕೊಂಡಿದ್ದರು. ಎರಡೂ ಬೇರೆ ಬೇರೆ ಎಂದು 1903ರಲ್ಲಿ ಸರ್ವೇ ಅಧಿಕಾರಿ ಹೆನ್ರಿ ವುಡ್ ತೋರಿಸಿಕೊಟ್ಟ ಮೇಲೆ ಗೊಂದಲ ತೀರಿತು. ಎವರೆಸ್ಟನ್ನು 1953ರಲ್ಲಿ ಏರಿದರೆ ಇದರ ತುದಿ ಮುಟ್ಟಲು 1979 ಬರಬೇಕಾಯಿತು. ಶೆರ್ಪಾಗಳಿಗೂ ಇದು ದೇವತೆಯ ಬೆಟ್ಟ, ಅವರು ಜೊಮೊ ತ್ಸೆರಿಂಗ್ಮಾ ಎನ್ನುತ್ತಾರೆ. ಇದರಲ್ಲಿ ಎರಡು ವಾಕ್ಯ ಹೇಳಿದ್ದರೂ ಕೈ ಮುಗಿದವರಿಗೂ ಮುಗಿಯದವರಿಗೂ ನೋಟ ನಿಲ್ಲುತ್ತಿತ್ತು.

ಇದಕ್ಕಿಂತ ದೊಡ್ಡ ಲೋಪ ಹಿಮನದಿಗಳದ್ದು. ಜಾಹೀರಾತಿನಲ್ಲಿ ಅವುಗಳ ಹೆಸರಿರುತ್ತದೆ, ವಿಮಾನದೊಳಗೆ ಇರುವುದಿಲ್ಲ. ಕಾಣುವುದಿಲ್ಲವೆಂದಲ್ಲ, ಎದುರಿಗೇ ಇರುತ್ತವೆ. ಆದರೆ ಹಿಮನದಿ ಅಂದರೆ ಬೆಳ್ಳಗಿರಬೇಕು ಎಂದುಕೊಂಡವರಿಗೆ ಅವು ಹಿಮನದಿಯೆಂದು ಹೊಳೆಯುವುದೇ ಇಲ್ಲ. ಮೇಲ್ಭಾಗದಲ್ಲಿ ಬಿಳಿ ನಿಜ. ಕೆಳಗೆ ಬಂದಂತೆ ಇಕ್ಕೆಲದ ಬೆಟ್ಟಗಳಿಂದ ಉದುರಿದ ಕಲ್ಲು–ಮಣ್ಣು ಹೊದ್ದುಕೊಂಡು, ನಮ್ಮ ಬೀದರದ ಸುತ್ತ ಮುರುಮ್ ತೆಗೆದು ಹಾಗೇ ಬಿಟ್ಟ ನೆಲದಂತೆ ಗುಂಡಿ ಗುಂಡಿಯಾಗಿರುತ್ತವೆ, ಬಣ್ಣ ಮಾತ್ರ ಕೆಂಪಿನ ಬದಲು ಬೂದಿ. ಆ ಗುಂಡಿಗಳಲ್ಲಿ ಅಲ್ಲಲ್ಲಿ ಹಸಿರು–ನೀಲಿ ನೀರಿನ ಚುಕ್ಕಿಗಳು. ಚೊ ಒಯು ಶಿಖರದ ಕೆಳಗೆ ಹರಡಿರುವ ನ್ಗೊಜುಂಪಾ ನೇಪಾಳದ ಅತಿ ಉದ್ದದ ಹಿಮನದಿ. ಅದು ಬಂದಾಗ ಗಗನಸಖಿ ತೋರಿಸುತ್ತಿದ್ದುದು ಚೊ ಒಯುವಿನ ತುದಿಯನ್ನು, 8,188 ಮೀಟರ್ ಎಂದು. ಕಣ್ಣುಗಳೆಲ್ಲ ಮೇಲಕ್ಕೆ ಹೋದವು.

ಆ ನೀರಿನ ಚುಕ್ಕಿಗಳೇ ಇವತ್ತಿನ ಹಿಮಾಲಯದ ಸುದ್ದಿ. ಕರಗಿದ ನೀರು ಹೀಗೆ ಅಲ್ಲಲ್ಲಿ ನಿಂತು, ಹೊಂಡಗಳು ಒಂದಕ್ಕೊಂದು ಕೂಡಿ ಕೆರೆಯಾಗುತ್ತವೆ. ಅದಕ್ಕಿರುವ ಏರಿ ಹಿಮನದಿಯೇ ತಳ್ಳಿ ತಂದಿಟ್ಟ ಸಡಿಲ ಕಲ್ಲಿನ ರಾಶಿ, ಯಾವತ್ತು ಒಡೆಯುವುದೋ ಹೇಳಲಾಗದು. 1985ರ ಆಗಸ್ಟ್ 4ರಂದು ದಿಗ್ ತ್ಸೋ ಎಂಬ ಕೆರೆ ಒಡೆದು, ಕೆಲಸ ಮುಗಿಯುತ್ತ ಬಂದಿದ್ದ ಜಲವಿದ್ಯುತ್ ಘಟಕವನ್ನೇ ಕೊಚ್ಚಿಕೊಂಡು ಹೋಯಿತು. 2024ರ ಆಗಸ್ಟಿನಲ್ಲಿ ಥಾಮೆ ಎಂಬ ಶೆರ್ಪಾ ಊರಿಗೆ ಇಂಥದೇ ನೀರು ನುಗ್ಗಿತು. ಲೋತ್ಸೆಯ ದಕ್ಷಿಣಕ್ಕಿರುವ ಇಮ್ಜಾ ಕೆರೆ 1960ರ ಸುಮಾರಿಗೆ ಬರೀ ಕೆಲವು ಹೊಂಡಗಳು. 2016ರಲ್ಲಿ ನೇಪಾಳದ ಸೇನೆ ಕಾಲುವೆ ಕಡಿದು ಅದರ ಮಟ್ಟ ಇಳಿಸಬೇಕಾಯಿತು. ಗೌರಿಶಂಕರದ ದಕ್ಷಿಣದ ರೋಲ್ವಾಲಿಂಗ್ ಕಣಿವೆಯ ತ್ಸೋ ರೊಲ್ಪಾ ಕೆರೆಗೆ ಈ ಚಿಕಿತ್ಸೆ 2000ದಲ್ಲೇ ಆಗಿದೆ. ಕಾರಂಜಾ ಡ್ಯಾಮಿನ ನೀರಿನ ಮಟ್ಟ ಎಷ್ಟಾಯಿತು ಎಂದು ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ನೋಡುವ ನಮ್ಮ ರೈತನಿಗೆ ಕೆರೆ ಏರಿಯ ಕಥೆ ಹೇಳಿದರೆ ಅರ್ಥವಾಗುವುದಿಲ್ಲವೇ? ಶಿಖರದ ಎತ್ತರಕ್ಕಿಂತ ಬೇಗ ಅರ್ಥವಾಗುತ್ತದೆ.

ಎವರೆಸ್ಟಿನ ಮೊದಲ ಹಾರಾಟ ಹೀಗಿರಲಿಲ್ಲ. 1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾ ಬಳಿಯ ಲಾಲ್‌ಬಾಲುವಿನಿಂದ ಎರಡು ವೆಸ್ಟ್‌ಲ್ಯಾಂಡ್ ವಿಮಾನಗಳು ಎದ್ದು ಮೊದಲ ಬಾರಿಗೆ ಎವರೆಸ್ಟಿನ ಮೇಲೆ ಹಾರಿದವು. ಲೇಡಿ ಹ್ಯೂಸ್ಟನ್ ಎಂಬ ಶ್ರೀಮಂತೆಯ ದುಡ್ಡು, ಮೂಗಿಗೆ ಆಮ್ಲಜನಕ, ಮೈಗೆ ವಿದ್ಯುತ್ತಿನಿಂದ ಬಿಸಿಯಾಗುವ ಬಟ್ಟೆ. ಶ್ರೀಮಂತಿಕೆಯ ಪ್ರದರ್ಶನವೂ ಸಾಮ್ರಾಜ್ಯದ ಹಮ್ಮೂ ಅದರಲ್ಲಿ ಇದ್ದವು. ಆದರೂ ಅವರು ಹೋದದ್ದು ನೆಲದ ಚಿತ್ರ ತೆಗೆಯಲು. ಸರ್ವೇ ಚಿತ್ರಗಳು ಸರಿಯಾಗಿ ಬರಲಿಲ್ಲವೆಂದು ಅದೇ ತಿಂಗಳು ಮತ್ತೊಮ್ಮೆ ಹಾರಿದರು. ಕೆಳಗೆ ಏನಿದೆ ಎಂಬ ಕುತೂಹಲವಾದರೂ ಆ ಹಾರಾಟಕ್ಕಿತ್ತು.

ನ್ಯೂಜಿಲೆಂಡಿನಲ್ಲಿ ಬೆಟ್ಟ ತೋರಿಸುವ ಹಾರಾಟದ ಇನ್ನೊಂದು ಬಗೆಯಿದೆ. 1955ರ ಸೆಪ್ಟೆಂಬರಿನಲ್ಲಿ ಹ್ಯಾರಿ ವಿಗ್ಲಿ ಎಂಬಾತ ಚಕ್ರದ ಜೊತೆ ಜಾರುಹಲಗೆ ಕಟ್ಟಿದ ಪುಟ್ಟ ವಿಮಾನವನ್ನು ಟಾಸ್ಮನ್ ಹಿಮನದಿಯ ಮೇಲೆ ಇಳಿಸಿದ. ಅಂದಿನಿಂದ ಅಲ್ಲಿ ಪ್ರವಾಸಿಗರನ್ನು ಮಂಜುಗಡ್ಡೆಯ ಮೇಲೆ ಇಳಿಸಿ ಹತ್ತು ಹೆಜ್ಜೆ ನಡೆಸಿ ಕರೆತರುವ ರೂಢಿ. ಅಲಾಸ್ಕಾದ ಟಾಕೀಟ್ನಾದಿಂದಲೂ ಹಾಗೆ ಮಾಡುತ್ತಾರೆ. ಮನುಷ್ಯ ಪಕ್ಕದಲ್ಲಿ ನಿಂತಾಗ ಹಿಮದ ಗಾತ್ರ ತಿಳಿಯುತ್ತದೆ, ಕಿಟಕಿಯಿಂದ ಅದು ತಿಳಿಯದು. ವಿಗ್ಲಿ ಇಳಿದಾಗ ಟಾಸ್ಮನ್ನಿನ ತುದಿಯಲ್ಲಿ ಕೆರೆಯೇ ಇರಲಿಲ್ಲ. ಈಗ ಇರುವುದು ಕಿಲೋಮೀಟರುಗಟ್ಟಲೆ ಉದ್ದದ ಕೆರೆ, ಅದರಲ್ಲಿ ದೋಣಿ ವಿಹಾರವೂ ನಡೆಯುತ್ತದೆ. ಕರಗುವುದನ್ನು ನೋಡಲು ಇಂಧನ ಸುಟ್ಟು ಹೋಗುವ ಈ ವ್ಯಾಪಾರದ ವಿಪರ್ಯಾಸವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಅಪಾಯದ ಮಾತು ಬಿಟ್ಟರೆ ವಿಮರ್ಶೆ ಪ್ರಾಮಾಣಿಕವಾಗದು. 2011ರ ಸೆಪ್ಟೆಂಬರ್ 25ರಂದು ಎವರೆಸ್ಟ್ ತೋರಿಸಿ ಮರಳುತ್ತಿದ್ದ ಬುದ್ಧ ಏರ್‌ನ ಬೀಚ್‌ಕ್ರಾಫ್ಟ್ ಕಾಠ್ಮಂಡುವಿನ ಅಂಚಿನ ಕೋಟ್‌ಡಾಂಡಾ ಗುಡ್ಡಕ್ಕೆ ಬಡಿದು ಹತ್ತೊಂಬತ್ತು ಜನರೂ ಸತ್ತರು. ಹತ್ತು ಮಂದಿ ಭಾರತೀಯರು. ಎಂಟು ಸಾವಿರ ಮೀಟರಿನ ಯಾವ ಶಿಖರವೂ ಅವರನ್ನು ಏನೂ ಮಾಡಲಿಲ್ಲ. ಮಳೆಗಾಲದ ಮೋಡ ಮುಚ್ಚಿದ ಒಂದು ಹಸಿರು ಗುಡ್ಡ ಸಾಕಾಯಿತು. 1979ರ ನವೆಂಬರ್ 28ರಂದು ಏರ್ ನ್ಯೂಜಿಲೆಂಡ್‌ನ ಡಿಸಿ–10 ಅಂಟಾರ್ಕ್ಟಿಕಾ ತೋರಿಸಲು ಹೋಗಿ ಎರೆಬಸ್ ಪರ್ವತಕ್ಕೆ ಅಪ್ಪಳಿಸಿ 257 ಜನ ಸತ್ತಾಗಲೂ, ಬಿಳಿ ನೆಲ ಬಿಳಿ ಆಕಾಶಗಳ ನಡುವೆ ಬೆಟ್ಟ ಕಂಡೇ ಇರಲಿಲ್ಲ. ಆದ್ದರಿಂದ ಹವೆ ಸರಿಯಿಲ್ಲವೆಂದು ವಿಮಾನ ಹೊರಡದಿದ್ದರೆ ಕೌಂಟರಿನಲ್ಲಿ ಕೂಗಾಡುವ ನಮ್ಮ ಜನರ ಬಗ್ಗೆ ನನಗೆ ಸಹಾನುಭೂತಿಯಿಲ್ಲ. ರದ್ದು ಮಾಡುವ ಕಂಪನಿಯೇ ನಂಬುವ ಕಂಪನಿ.

ಹೋಲಿಕೆಗೆ ಮನೆಯ ಹತ್ತಿರದ ಹಾರಾಟವೊಂದಿದೆ. ಬೀದರಿನವರು ವಿಮಾನವನ್ನು ಕೆಳಗಿನಿಂದ ನೋಡಿ ಬೆಳೆದವರು. ವಾಯುಪಡೆಯ ತರಬೇತಿ ನೆಲೆ ಇಲ್ಲಿದೆ, ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲೇ. ಮೈಲೂರಿನ ಮಾಳಿಗೆ ಮೇಲೆ ಬಟ್ಟೆ ಒಣಹಾಕುವವರಿಗೆ ಜೆಟ್‌ನ ಸದ್ದು ಹೊಸದಲ್ಲ. 2020ರ ಫೆಬ್ರುವರಿ 7ರಂದು ಬೆಂಗಳೂರಿನಿಂದ ಪ್ರಯಾಣಿಕರ ವಿಮಾನ ಶುರುವಾದಾಗ ಬಂದದ್ದು ಟ್ರೂಜೆಟ್‌ನ ಎಟಿಆರ್–72, ಹಿಮಾಲಯ ತೋರಿಸುವ ಅದೇ ಜಾತಿಯ ವಿಮಾನ. ಆ ಕಿಟಕಿಯಿಂದ ಕಾಣುವ ನೋಟಕ್ಕೆ ಯಾರೂ ಚೀಟಿ ಹಂಚಲಿಲ್ಲ. ಆದರೂ ಇಳಿಯುವ ಹೊತ್ತಿಗೆ ವಿಮಾನದ ತುಂಬ ಮಾತು: ಅಗೋ ಕಾರಂಜಾ, ಅದು ಮಾಂಜ್ರಾ ಇರಬೇಕು, ಆ ಕೆಂಪು ಹೊಲ ಯಾರದು, ಆ ರಸ್ತೆ ಹುಮನಾಬಾದಿನದ್ದಲ್ಲವೇ. ವಾಯುಪಡೆಯ ನೆಲೆಯಾದ್ದರಿಂದ ಅಲ್ಲಿ ಫೋಟೊ ತೆಗೆಯುವಂತಿಲ್ಲ. ಕೈಯಲ್ಲಿ ಮೊಬೈಲ್ ಇಲ್ಲದ ಕಾರಣ ಕಣ್ಣು ಕೆಲಸ ಮಾಡುತ್ತಿತ್ತು. ನೆಲದ ಮೇಲೆ ನಡೆದು ಗೊತ್ತಿದ್ದದ್ದನ್ನು ಮೇಲಿನಿಂದ ಕಂಡಾಗಿನ ಖುಷಿ ಅದು. ಹಂಪಿ ಉತ್ಸವದಲ್ಲಿ ‘ಹಂಪಿ ಬೈ ಸ್ಕೈ’ ಎಂದು ಹೆಲಿಕಾಪ್ಟರಿನಲ್ಲಿ ಕೆಲವು ನಿಮಿಷ ಸುತ್ತಿಸುತ್ತಾರಲ್ಲ, ಅಲ್ಲಿಯೂ ಗುಡಿಗಳನ್ನು ಮೊದಲು ಕಾಲ್ನಡಿಗೆಯಲ್ಲಿ ನೋಡಿದವರಿಗೇ ಲಾಭ ಹೆಚ್ಚು.

ಹಿಮಾಲಯದಲ್ಲಿ ನಮಗೆ ಆ ನಡಿಗೆಯಿಲ್ಲ. ಅದನ್ನು ತುಂಬಿಕೊಡಬೇಕಾದದ್ದು ನಿರೂಪಣೆಯ ಕೆಲಸ, ಮತ್ತು ಈ ಹಾರಾಟ ಸೋಲುವುದು ಅಲ್ಲಿಯೇ. ಚೀಟಿಯ ಬೆನ್ನ ಮೇಲೆ ಹಿಮನದಿ ಮತ್ತು ಕೆರೆಗಳ ಒಂದು ನಕ್ಷೆ ಅಚ್ಚು ಹಾಕಲು ಖರ್ಚೇನೂ ಬಾರದು. ಹಿಂದಿಯಲ್ಲಿ ಹೇಳುವವರೊಬ್ಬರಿದ್ದರೆ ನಮ್ಮ ಕಡೆಯ ಮುಕ್ಕಾಲು ಜನಕ್ಕೆ ಸಾಕು.

ಅಲ್ಲಿಯವರೆಗೆ ಹೋಗುವವರು ಹೀಗೆ ಮಾಡಬಹುದು. ಅಕ್ಟೋಬರ್–ನವೆಂಬರಿನಲ್ಲಿ ಹೋಗಿ, ಮೊದಲ ವಿಮಾನವನ್ನೇ ಕೇಳಿ, ಹಾರದಿದ್ದರೆ ಹಣ ವಾಪಸು ಹೇಗೆ ಎಂದು ಪ್ರವಾಸದವರಿಂದ ಮೊದಲೇ ಬರೆಸಿಕೊಳ್ಳಿ. ಪೈಲಟ್‌ಗಳ ಬಾಗಿಲಿಗೆ ಕರೆದಾಗ ಮೊಬೈಲನ್ನು ಸೀಟಿನಲ್ಲೇ ಬಿಟ್ಟು ಹೋಗಿ. ಬೆಟ್ಟಗಳು ಎದುರಿನಿಂದ ಹತ್ತಿರ ಬರುವುದು ಕಾಣುವುದು ಅಲ್ಲಿ ಮಾತ್ರ. ರೊಕ್ಕ ಹೆಚ್ಚಾಯಿತು ಅನ್ನುವವರಿಗೆ ಇನ್ನೊಂದು ದಾರಿ: ದಿಲ್ಲಿಯಿಂದ ಕಾಠ್ಮಂಡುವಿಗೆ ಹಗಲಿನ ವಿಮಾನದಲ್ಲಿ ಎಡಗಡೆಯ ಕಿಟಕಿ ಹಿಡಿದರೆ, ಆಕಾಶ ತಿಳಿಯಾಗಿದ್ದಲ್ಲಿ, ಧವಳಗಿರಿ–ಅನ್ನಪೂರ್ಣಗಳ ಸಾಲು ಅದೇ ಟಿಕೆಟ್ಟಿನಲ್ಲಿ ಸಿಗುತ್ತದೆ.